ಹಿದುಕಿದ ಬಟಾಣಿ

ಫ್ರೀಜರಿನಿಂದ ಬಟಾಣಿ ಚೀಲ ತೆಗೆದು ಕತ್ತರಿ ಹಾಕಿದೆ. ಬಿಸಿನೀರು ಸುರಿದ ಕೂಡಲೇ ಹಸಿ ಹುಲ್ಲಿನಂಥ ವಾಸನೆ ಎದ್ದಿತು. ಈ ವಾಸನೆ ಮೂಗಿಗೆ ಬಂದರೆ ನನಗೆ ಒಂದು ಕಡೆ ಕೂರಲಾಗುವುದಿಲ್ಲ. ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಕಾಲು ತಾವೇ ಹೋಗುತ್ತವೆ. ಎದುರು ಬಾಗಿಲಿನ ಹೆಂಗಸು ನೆನಪಾಗುತ್ತಾಳೆ... ಸ್ಕಾರ್‌ಬರೋ ಎಂಬ ಪರದೇಶದ ಊರಿನ ಇದೇ ಬಿಲ್ಡಿಂಗು, ಇದೇ ಮಾಳಿಗೆ. ಕೂಗಿದರೆ ಕೇಳುವಷ್ಟು ಹತ್ತಿರ.

ಅದು 2015ರ ಸಂಕ್ರಾಂತಿಯ ಆಸುಪಾಸು. ಮೊಮ್ಮಗನನ್ನು ನೋಡಿಕೊಳ್ಳಲು ಧಾರವಾಡದಿಂದ ಬಂದಿದ್ದೆ. ಮಗಳಿಗೆ ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಶಿಫ್ಟು. ಅಳಿಯ ಟ್ರಕ್ಕು ಹತ್ತಿದರೆ ವಾರಗಟ್ಟಲೆ ಇಲ್ಲ. ಹುಡುಗನಿಗೆ ಆಗ ಮೂರು ತುಂಬಿತ್ತು. ಹಾಲು, ಬ್ರೆಡ್ಡು, ಮೊಸರನ್ನ... ಬಿಳಿ ಬಿಟ್ಟು ಬೇರೆ ಬಣ್ಣ ಅವನ ಬಾಯಿಗೆ ಹೋಗುತ್ತಿರಲಿಲ್ಲ. ಅದೂ ನಾನು ಕೈತುತ್ತು ಕೊಟ್ಟರೆ ಮಾತ್ರ. ರಕ್ತ ಕಡಿಮೆ ಇದೆ, ಕಾಳು ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರು. ಇತ್ತ ನನ್ನ ವೀಸಾ ಮುಗಿಯುತ್ತ ಬಂದಿತ್ತು.

“ಅವ್ವಾ, ನೀ ಹ್ವಾದ ಮ್ಯಾಲೆ ಇವ ಎದುರು ಮನ್ಯಾಗ ಇರಬೇಕು. ಆಕಿ ಕಡೆ ಉಣ್ಣಲಿಲ್ಲಂದ್ರ ನಾ ಕೆಲಸಾ ಬಿಡಬೇಕಾಗ್ತೈತಿ ನೋಡು,” ಎಂದಳು ಮಗಳು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ.

ಎದುರು ಬಾಗಿಲಿನಾಕೆ ಮಂಡ್ಯದ ಕಡೆಯವಳು. ನನಗಿಂತ ಸಣ್ಣವಳು, ಗಂಡ ಇಲ್ಲ. ಕೆಲಸಕ್ಕೆ ಹೋಗುವವರ ಮೂರ್ನಾಲ್ಕು ಮಕ್ಕಳನ್ನು ಹಗಲೆಲ್ಲ ಮನೆಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ದಪ್ಪ ಹೆಂಗಸು. ನೆಲದ ಮೇಲೆ ಕಾಲು ಚಾಚಿ ಕೂತಳೆಂದರೆ ಎಬ್ಬಿಸಲು ಕ್ರೇನು ತರಿಸಬೇಕು. ಮನೆಗೆ ಬೆಂಕಿ ಬಿದ್ದರೂ ಅವಸರ ಮಾಡುವವಳಲ್ಲ. ನನಗೆ ಆಗದಿದ್ದದ್ದೇ ಅದು. ಹುಡುಗನಿಗೆ ರೂಢಿಯಾಗಲೆಂದು ದಿನಾ ಕರೆದುಕೊಂಡು ಹೋಗುತ್ತಿದ್ದೆ. ಬಿಟ್ಟು ಬರಲು ಮನಸ್ಸಾಗದೆ ನಾನೂ ಅಲ್ಲೇ ಇರುತ್ತಿದ್ದೆ.

ಮೊದಲು ನನ್ನ ಕೈಲಾದದ್ದು ಮಾಡಿ ನೋಡಿದ್ದೆ. ಆ ಚಳಿಯಲ್ಲಿ ಸೋವಿಯಾಗಿ ಸಿಗುವ ಹಸಿರೆಂದರೆ ಈ ಬಟಾಣಿಯೇ. ಕುಕ್ಕರಿಗೆ ಹಾಕಿ ಸೀಟಿ ಹೊಡೆಸಿದೆ. ಹಸಿರು ಹೋಗಿ ಪೊಲೀಸರ ಅಂಗಿಯ ಬಣ್ಣ ಬಂತು. ಅನ್ನದಲ್ಲಿ ಕಿವುಚಿ ಕೊಟ್ಟೆ, ಉಗುಳಿದ. ಉಪ್ಪಿಟ್ಟಿಗೆ ಹಾಕಿದೆ, ಒಂದೊಂದೇ ಆರಿಸಿ ಗೋಡೆಯ ಹೀಟರಿನ ಹಿಂದೆ ತಳ್ಳಿದ. ಕಸ ಗುಡಿಸುವಾಗ ಒಣಗಿದ ಕಾಳು ಗೋಲಿಯ ಹಾಗೆ ಉರುಳಿ ಬಂದವು.

ಅದನ್ನು ಹೇಳಿದರೆ ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಅಕ್ಕೋ, ನೀನು ಬಟಾಣಿ ಬೇಯ್ಸಿಲ್ಲ ಕಣಕ್ಕ, ಬಟಾಣಿಗೆ ತಿಥಿ ಮಾಡಿದ್ದೀಯ!”

ಆಕೆಯ ರೀತಿ ಬೇರೆಯೇ ಇತ್ತು. ಅವರ ಕಡೆ ಚಳಿಗಾಲದಲ್ಲಿ ಅವರೆಕಾಳು ನೆನೆಸಿ, ಒಂದೊಂದನ್ನೂ ಎರಡು ಬೆರಳಲ್ಲಿ ಹಿದುಕಿ, ಸಿಪ್ಪೆ ಬಿಡಿಸಿ ಸಾರು ಮಾಡುತ್ತಾರೆ. ಇಲ್ಲಿನ ಇಂಡಿಯನ್ ಅಂಗಡಿಯಲ್ಲೂ ಫ್ರೀಜರಿನ ಅವರೆ ಸಿಗುತ್ತಿತ್ತು. ಆದರೆ ಅದಕ್ಕೆ ಸೊಗಡಿಲ್ಲ ಎಂದು ಆಕೆಗೆ ಸಿಟ್ಟು. ಸೊಗಡೇ ಇಲ್ಲವೆಂದ ಮೇಲೆ ಅವರೆಯಾದರೇನು, ಬಟಾಣಿಯಾದರೇನು ಎಂದು ಬಟಾಣಿಯನ್ನೇ ಹಿದುಕಲು ಕೂರುತ್ತಿದ್ದಳು. ನೆಲಕ್ಕೆ ಹಳೆಯ ಬೆಡ್‌ಶೀಟು ಹಾಸಿ, ಬಿಸಿನೀರಲ್ಲಿ ನೆಂದ ಕಾಳಿನ ಬೋಗುಣಿಯನ್ನು ನಡುವೆ ಇಟ್ಟು, ಸುತ್ತ ಮಕ್ಕಳನ್ನು ಕೂರಿಸುತ್ತಿದ್ದಳು.

ನನಗೆ ತಡೆಯಲಾಗಲಿಲ್ಲ. “ಬಟಾಣಿಗೂ ಸಿಪ್ಪಿ ಸುಲೀತಾರೇನ? ನಿಮ್ಮ ಕಡೆ ಮದುವಿ ಅಡಿಗಿಗೆ ಹಿಂಗ ಕುಂತ್ರ, ಬಡಸೂದ್ರಾಗ ಮದುಮಗಳು ಬಾಣಂತಿ ಆಗಿರ್ತಾಳ.”

“ಕುಂತ್ಕೊ ಅಕ್ಕ. ಬಾಲ ಸುಟ್ಟ ಬೆಕ್ಕಿನಂಗೆ ಯಾಕ್ ಸುತ್ತೀಯ?”

ನಾನು ಕೂರಲಿಲ್ಲ. ಕಾಳು ಬೆರಳಿನಿಂದ ಜಾರಿ ಹಾರಿ ಟೀವಿಗೆ ಬಡಿಯುತ್ತಿತ್ತು, ಆಕೆಯ ತುರುಬಿನಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ನಮ್ಮ ಹುಡುಗ ಮೊದಲು ನನ್ನ ಸೀರೆ ಹಿಡಿದು ನಿಂತ. ಆಮೇಲೆ ಕೂತ. ಆಮೇಲೆ ಗುರಿಯಿಟ್ಟು ಆಕೆಯ ತಲೆಗೇ ಹೊಡೆಯತೊಡಗಿದ. ತಿನ್ನು ಎಂದು ಆಕೆ ಒಂದು ದಿನವೂ ಅನ್ನಲಿಲ್ಲ. ತುಪ್ಪಕ್ಕೆ ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಮೇಲೆ ಹಿದುಕಿದ ಬಟಾಣಿ, ಉಪ್ಪು. ಒಂದೆರಡು ಸಲ ಕೈಯಾಡಿಸಿ ಇಳಿಸಿಬಿಡುತ್ತಿದ್ದಳು. ಮುಚ್ಚಳ ಮುಚ್ಚುತ್ತಿರಲಿಲ್ಲ. ಹಸಿರು ಹಾಗೇ ಉಳಿಯುತ್ತಿತ್ತು. ಉಳಿದ ಮಕ್ಕಳು ತಟ್ಟೆ ನೆಕ್ಕುತ್ತಿದ್ದವು. ನಮ್ಮವನು ಮಾತ್ರ “ನೋ ಗ್ರೀನ್” ಎಂದು ಬಾಯಿ ಹೊಲಿದುಕೊಳ್ಳುತ್ತಿದ್ದ. ಕಾಳು ಕೈಗೆ ಬಂತು, ಬಾಯಿಗೆ ಬರಲಿಲ್ಲ.

ನಾನು ಹೊರಡುವ ವಾರ ಬಂದೇಬಿಟ್ಟಿತು. ಸೂಟ್‌ಕೇಸು ಬಾಗಿಲಲ್ಲಿ ನಿಂತಿತ್ತು. ಅದನ್ನು ನೋಡಿದಾಗೆಲ್ಲ ಉಳಿದ ದಿನ ಎಣಿಸುತ್ತಿದ್ದೆ. ಒಂದು ಮಧ್ಯಾಹ್ನ ಆಕೆಯ ಮನೆಯಲ್ಲಿ ಹುಡುಗನನ್ನು ತೊಡೆಯ ಮೇಲೆ ಅಮುಕಿ ಹಿಡಿದು ಒಂದು ಚಮಚ ಬಟಾಣಿಯನ್ನು ಬಾಯಿಗೆ ತುರುಕಿದೆ. ಅವನು ಬೆಡ್‌ಶೀಟಿನ ಮೇಲೆಲ್ಲ ಕಾರಿಕೊಂಡ. ಉಳಿದ ಮಕ್ಕಳೂ ಅಳಲು ಶುರುಮಾಡಿದವು. ಆಕೆ ಅಷ್ಟು ಬೇಗ ಎದ್ದದ್ದನ್ನು ನಾನು ಅವತ್ತೇ ಕಂಡದ್ದು.

“ಅಕ್ಕ, ಆಚೆ ನಡಿ.”

“ಅಂವ ನನ್ನ ಮೊಮ್ಮಗ!”

“ಆಗ್ಲಿ. ಮನೆ ನಂದು. ನಡಿ ಆಚೆ.”

ಕಾರಿಡಾರಿನಲ್ಲಿ ನಿಂತೆ. ನಿಂತೆನೆಲ್ಲಿ, ಲಿಫ್ಟಿನವರೆಗೆ ಹೋಗುವುದು, ಬರುವುದು. ಯಾರ ಮನೆಯದೋ ಮೀನು ಕರಿದ ವಾಸನೆ. ಆಕೆ ಬಾಗಿಲು ಪೂರ್ತಿ ಹಾಕಿರಲಿಲ್ಲ. ಸಂದಿಯಲ್ಲಿ ಇಣುಕಿದೆ. ಹುಡುಗನ ಮುಖ ತೊಳೆದು, ಅಂಗಿ ಬದಲಿಸಿ, ಒಲೆಯಿಂದ ದೂರ ಕಟ್ಟೆಯ ಮೇಲೆ ಕೂರಿಸಿದ್ದಳು. ಬಾಣಲೆಯಿಂದ ಸೌಟಿನಲ್ಲಿ ಬಟಾಣಿ ತೆಗೆದು ಊದಿ ಆರಿಸಿ ಅವನ ಮುಂದೆ ಹಿಡಿದಳು.

“ಉಪ್ಪು ನೋಡು ಮಗ. ನಂಗೆ ಗೊತ್ತಾಗಕಿಲ್ಲ. ಮಾತ್ರೆ ತಿಂದೂ ತಿಂದೂ ನಾಲಿಗೆ ಸತ್ತೋಗೈತೆ.”

ನಮ್ಮ ಮನೆಯಲ್ಲಿ ದೇವರಿಗೆ ತೋರಿಸುವ ಮೊದಲು ಅಡುಗೆಗೆ ಬೆರಳು ಹಚ್ಚುವಂತಿಲ್ಲ. ಎಂಜಲಾಗುತ್ತದೆ. ಉಪ್ಪು ಕೈಯ ಅಂದಾಜು, ಅಷ್ಟೇ. ಮಗಳು ಸಣ್ಣವಳಿದ್ದಾಗ ರುಚಿ ನೋಡಿದಳೆಂದು ಸೌಟಿನಿಂದ ಬಾರಿಸಿದವಳು ನಾನು. ಒದರಬೇಕೆಂದು ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ಹುಡುಗ ಸೌಟಿಗೆ ಬೆರಳು ಹಾಕಿ ಅರ್ಧ ಕಾಳು ಎತ್ತಿ ನಾಲಿಗೆಯ ಮೇಲಿಟ್ಟುಕೊಂಡ.

“ಮೋರ್,” ಎಂದ.

ಆಕೆ ಚಿಟಿಕೆ ಉಪ್ಪು ಉದುರಿಸಿ ಮತ್ತೆ ಸೌಟು ಹಿಡಿದಳು. ಅವನು ಮತ್ತೆ ನೋಡಿದ. ತಲೆ ಅಲ್ಲಾಡಿಸಿದ. ಆಕೆ ಮತ್ತೆ ಉದುರಿಸಿದಳು. “ಈಗ?” “ಓಕೆ.” “ಸರಿಯಾಗಿ ನೋಡಪ್ಪ, ಆ ಮಕ್ಳೆಲ್ಲ ಉಣ್ಬೇಕು.” ಸರಿಯಾಗಿ ನೋಡುತ್ತ ನೋಡುತ್ತ ಸೌಟು ಖಾಲಿಯಾಯಿತು.

ಕಾರಿಡಾರಿನಲ್ಲಿ ನನ್ನ ಕಾಲು ನಿಂತವು.

ಆ ವಾರವೇ ನಾನು ಹೊರಟೆ. ಹುಡುಗ ಆಕೆಯ ಮನೆಯಲ್ಲಿ ತನ್ನ ಕೈಯಿಂದಲೇ ಉಣ್ಣತೊಡಗಿದ. ಮಗಳ ಕೆಲಸ ಉಳಿಯಿತು. ನಾಲಿಗೆ ಸತ್ತದ್ದು ಮಕ್ಕಳನ್ನು ಮರುಳು ಮಾಡುವ ಸುಳ್ಳು, ಚಲೋ ಸುಳ್ಳು ಎಂದುಕೊಂಡೇ ವಿಮಾನ ಹತ್ತಿದ್ದೆ.

ಮರುವರ್ಷ ಮಗಳು ಫೋನಿನಲ್ಲಿ ಹೇಳಿದಳು. ಎದುರು ಬಾಗಿಲಿನಾಕೆಗೆ ಬಹಳ ದಿನದಿಂದ ಜಡ್ಡಿತ್ತಂತೆ. ಯಾರಿಗೂ ಹೇಳಿರಲಿಲ್ಲವಂತೆ. ಆ ಮಾತ್ರೆಗಳಿಗೆ ನಾಲಿಗೆಯ ರುಚಿ ನಿಜವಾಗಿಯೂ ಹೋಗಿತ್ತಂತೆ... ಮಕ್ಕಳ ನಾಲಿಗೆಯಿಂದ ಅಡುಗೆ ಮಾಡುತ್ತಿದ್ದಳು. ಆಕೆ ತೀರಿಹೋದ ಸುದ್ದಿ ಕೇಳಿದ ದಿನ ನಾನು ಅಳಲಿಲ್ಲ. ಉಣ್ಣಲೂ ಇಲ್ಲ.

ಈಗ 2019. ನಾನು ಮತ್ತೆ ಬಂದಿದ್ದೇನೆ. ಎದುರು ಬಾಗಿಲಿನ ಮುಂದೆ ಯಾರದೋ ಬೂಟುಗಳಿವೆ. ನೆಂದ ಬಟಾಣಿ ಹಿದುಕಲು ನೋಡಿದೆ. ನನ್ನ ಹೆಬ್ಬೆರಳಿಗೆ ಅದು ಬರುವುದಿಲ್ಲ, ಕಾಳು ಅಪ್ಪಚ್ಚಿಯಾಗುತ್ತದೆ. ಶಾಲೆಯಿಂದ ಬಂದ ಹುಡುಗ ಚೀಲ ಎಸೆದು ಪಕ್ಕದಲ್ಲಿ ನಿಂತು, ಟಪ ಟಪ ಹಿದುಕಿಕೊಟ್ಟ.

“ಇದನ್ನ ಯಾರು ಕಲಿಸಿದ್ರು ನಿನಗ?”

“ನೋಬಡಿ.”

“ಎದುರು ಮನಿ ದಪ್ಪಾಕಿ ನೆನಪಿಲ್ಲೇನು? ಆಕಿ ತಲಿಗೆ ಕಾಳು ಹೊಡೀತಿದ್ದಿ.”

“ಐ ಡೋಂಟ್ ರಿಮೆಂಬರ್, ಆಯಿ.”

ಒಗ್ಗರಣೆ ಹಾಕಿ, ಕೈಯಾಡಿಸಿ ಇಳಿಸಿದೆ. ದೇವರಿಗೆ ಇನ್ನೂ ತೋರಿಸಿರಲಿಲ್ಲ. ಅವನು ಬಾಣಲೆಗೆ ಬೆರಳು ಹಾಕಿ ಒಂದು ಕಾಳೆತ್ತಿ ಬಾಯಿಗಿಟ್ಟುಕೊಂಡ.

“ಸಾಲ್ಟ್ ಕಮ್ಮಿ,” ಎಂದ.

ಸೌಟು ನನ್ನ ಕೈಯಲ್ಲೇ ಇತ್ತು. ಕೆಳಗಿಟ್ಟು ಉಪ್ಪಿನ ಡಬ್ಬಿ ತೆಗೆದುಕೊಂಡೆ.