ಹಿಟ್ಟಿನ ಕೈಯ ಜಾಮೀನು

ಕಡ್ಡಿರಾಂಪುರದಲ್ಲಿ ಹಂಪಿ ರಸ್ತೆಗೆ ಮುಖ ಮಾಡಿರುವ ನನ್ನ ರೊಟ್ಟಿ ಖಾನಾವಳಿಗೆ ಹನ್ನೊಂದು ವರ್ಷ ಬಾಡಿಗೆ ಕಟ್ಟಿದ್ದೆ. ಹೋದ ವರ್ಷ ಜಾಗದ ಮಾಲೀಕರು ಬಂದು, "ಮಾರಬೇಕಂತ ಮಾಡೀನವ್ವ. ಹೋಂಸ್ಟೇ ಕಟ್ಟೋರು ಕೇಳ್ಯಾರ. ನೀ ತಗೊಳ್ಳಂಗಿದ್ರ ನಿನಗ ಮೊದಲು, ಮೂರು ತಿಂಗಳು ಕಾಯ್ತೀನಿ" ಎಂದರು. ಗಂಡ ಬಿಟ್ಟುಹೋದ ಮೇಲೆ ನನ್ನನ್ನೂ ಮಗಳನ್ನೂ ಸಾಕಿದ ಜಾಗ ಅದು. ಅದು ಕೈಬಿಟ್ಟರೆ ಈ ವಯಸ್ಸಿನಲ್ಲಿ ಮತ್ತೆ ಇನ್ನೊಬ್ಬರ ಹಂಚಿನ ಮುಂದೆ ಕೂಲಿಗೆ ಕೂರಬೇಕಿತ್ತು.

ಸಾಲ ಕೇಳಲು ಹೊಸಪೇಟೆಯ ಬ್ಯಾಂಕಿಗೆ ಹೋದೆ. ಅಲ್ಲಿದ್ದ ಮೇಡಂ ಕಂಪ್ಯೂಟರ್ ನೋಡಿ, "ನಿಮ್ಮ ಕ್ರೆಡಿಟ್ ರಿಪೋರ್ಟಿನ್ಯಾಗ ಒಂದು ಟಿಪ್ಪರ್ ಸಾಲ ಮುಳುಗೈತ್ರಿ. ಅದಕ್ಕ ನೀವು ಜಾಮೀನು. ಸಾಲ ಕೊಟ್ಟ ಫೈನಾನ್ಸಿನವ್ರಿಗೆ ಹೇಳಿ ತೆಗಿಸ್ಕೊಂಡು ಬರ್ರಿ, ಆಮ್ಯಾಲೆ ನೋಡೋಣ" ಎಂದರು. ಪಕ್ಕದ ಮನೆಯಿಂದ ಕೈಗಡ ತಂದ ಸಕ್ಕರೆಯನ್ನೂ ಸಂಜೆಯೊಳಗೆ ಹಿಂದಿರುಗಿಸುವವಳು ನಾನು. ಸಿಟ್ಟು ನೆತ್ತಿಗೇರಿತು. ಆದರೆ ಟಿಪ್ಪರ್ ಎಂದ ಕೂಡಲೇ ಯಾರದೆಂದು ಗೊತ್ತಾಯಿತು.

ಟಿಪ್ಪರ್ ನನ್ನ ಅಣ್ಣನದು. ಸಂಡೂರಿನಲ್ಲಿ ಗುಡ್ಡ ಅಗೆದವರೆಲ್ಲ ಧಣಿಗಳಾಗುತ್ತಿದ್ದ ದಿನಗಳಲ್ಲಿ ಅದಿರು ಹೊಡೆಯಲು ತಂದಿದ್ದ. ಗಣಿ ನಿಂತಿತು, ಗಾಡಿಯೂ ನಿಂತಿತು. ಫೈನಾನ್ಸಿನವರು ಅದನ್ನು ಎಳೆದುಕೊಂಡು ಹೋದರು. ಅದಾಗಿ ನಾಲ್ಕೇ ತಿಂಗಳಿಗೆ ಕಂಪ್ಲಿಯ ಮನೆಯ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡು ಕುಳಿತ ಅಣ್ಣ ಮತ್ತೆ ಏಳಲಿಲ್ಲ. ಗಾಡಿ ಹೋಯಿತು, ಮನುಷ್ಯನೂ ಹೋದ, ಇನ್ನೇನು ಬಾಕಿ ಇದ್ದೀತು ಎಂದುಕೊಂಡಿದ್ದೆವು ನಾವು. ಗಾಡಿ ಹರಾಜಾದ ಮೇಲೂ ಉಳಿದ ಬಾಕಿ ತಿಂಗಳು ತಿಂಗಳೂ ನನ್ನ ಹೆಸರಿನ ಕೆಳಗೆ ಕೂತಿತ್ತಂತೆ.

ಫೈನಾನ್ಸ್ ಕಚೇರಿಗೆ ಎರಡು ಸಲ ಹೋದಾಗ ಫೈಲು ಸಿಗಲಿಲ್ಲ. ಮೂರನೆಯ ಸಲ ಮ್ಯಾನೇಜರರು ಹಳೆಯ ಕಾಗದವೊಂದನ್ನು ತೆಗೆದು ಮುಂದಿಟ್ಟರು. ಜಾಮೀನುದಾರರ ಸಹಿ ಎಂಬಲ್ಲಿ ನನ್ನ ಹೆಸರು ಗುಂಡಗೆ ಬರೆದಿತ್ತು, ಅದರ ಕೆಳಗೊಂದು ಗೀಟು. ಆ ಗೀಟು ಅಣ್ಣನದು. ಏನು ಬರೆದರೂ ಕೆಳಗೆ ಗೀಟು ಎಳೆಯದೆ ಅವನಿಗೆ ಸಮಾಧಾನವಿರಲಿಲ್ಲ. ಅಣ್ಣನೇ ಎದ್ದು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಂತಾಯಿತು. ನನಗೆ ಹೆದರಿಕೆಯಾಯಿತು.

ಅಣ್ಣ ಆ ಸಾಲ ಮಾಡಿದಾಗ ನಾನು ಹೊಸಪೇಟೆಯಲ್ಲಿ ಬೇರೆಯವರ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಊಟದ ಹೊತ್ತಿಗೆ ಸರಿಯಾಗಿ ಅಣ್ಣ ಕಾಗದಗಳ ಕಟ್ಟು ಹಿಡಿದು ಬಂದ.

"ಲೇ ತಂಗಿ, ಇಲ್ಲೊಂದು ಸೈ ಹಾಕು. ಜಲ್ದಿ, ಅಲ್ಲಿ ಕಾಯಾಕತ್ತಾರ."

"ಕೈ ತುಂಬ ಹಿಟ್ಟೈತೆ. ನೀನ ಹಾಕ್ಕೊ. ಸಾಲ್ಯಾಗ ನನ್ನ ಕಾಪಿ ಬರಿತಿದ್ದಿಲ್ಲೇನು?"

"ಆಮ್ಯಾಲೆ ನಾ ಹಾಕಿಲ್ಲ ಅಂತ ತಿರುಗಿ ಬೀಳಬ್ಯಾಡ ಮತ್ತ."

"ಹೋಗಣ್ಣ. ನೀ ಹಾಕಿದ್ರೇನು, ನಾ ಹಾಕಿದ್ರೇನು."

ಜೋಳದ ಚೀಲದ ಮೇಲೆ ಕಾಗದ ಇಟ್ಟು ನನ್ನೆದುರಿಗೇ ಬರೆದ. ಬಿಸಿ ರೊಟ್ಟಿಯೊಂದನ್ನು ಸುತ್ತಿಕೊಂಡು ತಿನ್ನುತ್ತಾ ಹೋದ.

ಮ್ಯಾನೇಜರರು ನನ್ನ ಪ್ಯಾನ್ ಕಾರ್ಡನ್ನು ಆ ಕಾಗದದ ಪಕ್ಕದಲ್ಲಿಟ್ಟು ನೋಡಿದರು. "ಇದು ನಿಮ್ಮ ಸೈ ಅಲ್ಲಲ್ರಿ ಅಮ್ಮ! ಹಂಗಂತ ಬರ್ದು ಕೊಡ್ರಿ, ನಿಮ್ಮ ಹೆಸರು ತೆಗಿಸ್ತೀನಿ."

ಒಂದು ಹಾಳೆ ಕೊಟ್ಟರು. 'ಈ ಸಹಿ ನನ್ನದಲ್ಲ' ಎಂದು ಬರೆದೆ. ಅದರಲ್ಲಿ ಸುಳ್ಳೇನಿತ್ತು? ಅವರು ಓದಿ, "ಇಷ್ಟ ಸಾಲಂಗಿಲ್ರಿ. ನನ್ನ ಗಮನಕ್ಕೆ ಬಾರದಂತೆ ಹಾಕಲಾಗಿದೆ ಅಂತ ಸೇರಿಸ್ರಿ" ಎಂದರು.

"ನಮ್ಮಣ್ಣಗ ಏನಾರ ಆಗ್ತೈತೇನ್ರಿ?"

"ತೀರ್ಕೊಂಡೋರಿಗೆ ಏನಾಗ್ತೈತ್ರಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ದಿನಕ್ಕೆರಡು ಸಲ ಹೇಳುತ್ತಿದ್ದಳು. ಆಡಿದ ಮಾತಿಗೆ ಸಾಕ್ಷಿಯಾಗಿದ್ದವನು ಮಣ್ಣಲ್ಲಿದ್ದ. ಮಾಲೀಕರು ಕೊಟ್ಟ ಗಡುವಿನಲ್ಲಿ ಒಂದು ತಿಂಗಳು ಆಗಲೇ ಮುಗಿದಿತ್ತು. ನಾನು ಸೇರಿಸಿದೆ. ಪರೀಕ್ಷೆಗೆಂದು ಕೆಳಗೆ ಮೂರು ಸಲ ಸಹಿ ಹಾಕಿಸಿಕೊಂಡರು. ಮೂರನೆಯದು ಮುಗಿಯುತ್ತಲೇ ನನ್ನ ಕೈ ತಾನಾಗಿ ಕೆಳಗೆ ಗೀಟೆಳೆಯಲು ಹೋಯಿತು. ಪೆನ್ನನ್ನು ಟೇಬಲ್ಲಿನ ಮೇಲೆ ಕುಕ್ಕಿ ಎದ್ದು ಬಂದೆ.

ಒಂದೂವರೆ ತಿಂಗಳಿಗೆ ರಿಪೋರ್ಟಿನಿಂದ ಆ ಸಾಲ ಮಾಯವಾಯಿತು. ಬ್ಯಾಂಕಿನವರು ಹಣ ಕೊಟ್ಟರು, ಜಾಗ ನನ್ನದಾಯಿತು. ಹಿಗ್ಗಬೇಕಿತ್ತು, ಹಿಗ್ಗಲಿಲ್ಲ. ಹಿಟ್ಟು ನಾದಲು ಕೂತರೆ ಸಾಕು, ಹಿಂದೆ ಯಾರೋ ಕಾಗದ ಮಗುಚಿದ ಸದ್ದಾಗುತ್ತದೆ. ತಿರುಗಿ ನೋಡಿದರೆ ಊಟಕ್ಕೆ ಬಂದವರು ಮೆನು ನೋಡುತ್ತಿರುತ್ತಾರೆ. ನನ್ನ ಹುಚ್ಚಿಗೆ ನಾನೇ ಬೈದುಕೊಳ್ಳುತ್ತೇನೆ.

ಮೊನ್ನೆ ಮಧ್ಯಾಹ್ನ ಅತ್ತಿಗೆ ಕಂಪ್ಲಿಯಿಂದ ಬಸ್ಸು ಹಿಡಿದು ಬಂದರು. ನೀರನ್ನೂ ಕೇಳದೆ ಸೆರಗಿನ ಗಂಟಿನಿಂದ ಫೈನಾನ್ಸಿನವರು ಕಳಿಸಿದ ನೋಟಿಸು ತೆಗೆದರು. ಅವರಿಗೆ ಓದು ಬರುವುದಿಲ್ಲ. ಪಕ್ಕದ ಮನೆಯವರಿಂದ ಓದಿಸಿಕೊಂಡು ಬಂದಿದ್ದರು.

"ನಿಮ್ಮಣ್ಣ ಯಾರದೋ ಖೊಟ್ಟಿ ಸೈ ಹಾಕಿ ಸಾಲ ತಗೊಂಡಾರಂತ ಬರ್ದಾರವ್ವ. ಓಣಿ ಮಂದಿಗೆಲ್ಲ ಗೊತ್ತಾಗೈತಿ. ನಿಮ್ಮಣ್ಣ ಅಂಥಾ ಮನುಷ್ಯ ಏನು? ಯಾರ ಸೈ ಅಂತ ಕೇಳಿದ್ರ ಪಕ್ಕದ ಮನಿಯೋರು ಹೇಳವಲ್ರು, ನೀನಾರ ಓದಿ ಹೇಳು."

ಕಾಗದವನ್ನು ನನ್ನ ಮುಖದ ಹತ್ತಿರ ಹಿಡಿದರು. ನನ್ನ ಹೆಸರು ಎರಡನೆಯ ಸಾಲಿನಲ್ಲೇ ಇತ್ತು.

"ಕೈ ತುಂಬ ಹಿಟ್ಟೈತೆ ಅತ್ತಿಗಿ," ಎಂದೆ. "ಕುಂದ್ರಿ, ಆಮ್ಯಾಲೆ ನೋಡ್ತೀನಿ."

ಅವರು ಬೆಂಚಿನ ಮೇಲೆ ಕಾಯುತ್ತಾ ಕುಳಿತರು. ಊಟದವರೆಲ್ಲ ಎದ್ದುಹೋದ ಮೇಲೂ ನಾನು ರೊಟ್ಟಿ ಬಡಿಯುತ್ತಲೇ ಇದ್ದೆ.