ಕನ್ನಡ ಮಾತಾಡುವವರು ಬೇಕಾಗಿದ್ದಾರೆ

ನಿವೃತ್ತಿಯಾದ ಮೇಲೆ ಸಮಾಜಸೇವೆ ಮಾಡಬೇಕು ಅನ್ನುವ ಆಸೆಯೇನೂ ನನಗಿರಲಿಲ್ಲ. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿ ಅರ್ಧ ಆಯುಷ್ಯ ಕಳೆದವಳು ನಾನು. ಒಬ್ಬ ಸಾಹೇಬರನ್ನು ಇನ್ನೊಬ್ಬ ಸಾಹೇಬರಿಗೆ ಜೋಡಿಸಿ ಜೋಡಿಸಿ ಸಾಕಾಗಿ, ಇನ್ನಾದರೂ ಹೈದರಾಬಾದಿನ ಉಪ್ಪಲ್‌ನ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರೋಣ ಅಂದುಕೊಂಡಿದ್ದೆ. ಆಗಲಿಲ್ಲ. ಮನೆಯಲ್ಲಿರುವ ಒಬ್ಬರೇ ಶ್ರೋತೃ ನಮ್ಮ ಯಜಮಾನರು, ಅವರು ಪೇಪರಿನ ಹಿಂದಿನಿಂದ ತಲೆ ಎತ್ತದೆ, "ನಿನ್ನ ಮಾತು ಕೇಳೋರು ಯಾರರ ಸಿಗತಾರೇನು, ಆನ್‌ಲೈನ್‌ನಾಗ ಹುಡುಕು. ಈಗ ಎಲ್ಲಾ ಅಲ್ಲೇ ಸಿಗತೈತಿ" ಅಂದರು. ಆ ಸಿಟ್ಟಿಗೇ ಹುಡುಕಿಬಿಟ್ಟೆ.

ಸೇವೆ ಮಾಡುತ್ತೇನೆ ಅನ್ನುವವರನ್ನೂ ಸೇವೆ ಬೇಕು ಅನ್ನುವ ಸಂಸ್ಥೆಗಳನ್ನೂ ಕೂಡಿಸುವ ಜಾಲತಾಣಗಳಿವೆ ಅಂತ ನನಗೆ ಗೊತ್ತಾದದ್ದು ಆಗಲೇ. ಅದೊಂದು ವಧೂವರರ ಕೇಂದ್ರವೇ ಸರಿ. ಫೋಟೋ, ವಯಸ್ಸು, ಏರಿಯಾ, ಬಿಡುವಿನ ಹೊತ್ತು ಎಲ್ಲ ಕೇಳುತ್ತದೆ, ಜಾತಕವೊಂದನ್ನು ಬಿಟ್ಟು. ನಿಮ್ಮ ಕೌಶಲ್ಯವೇನು ಅಂತಲೂ ಕೇಳಿತು. ವೆಬ್‌ಸೈಟ್ ಕಟ್ಟುವುದು, ವಿಡಿಯೋ ಮಾಡುವುದು, ದೇಣಿಗೆ ಎತ್ತುವುದು, ಎಲ್ಲ ಇದ್ದವು. ಮಾತಾಡುವುದು ಇರಲಿಲ್ಲ. ನನ್ನ ಇಡೀ ನೌಕರಿಯನ್ನು "ಇತರೆ" ಅನ್ನುವುದಕ್ಕೆ ತಳ್ಳಿದರಲ್ಲ ಅಂತ ಉರಿದುಹೋಯಿತು.

ಆಮೇಲೆ ಭಾಷೆಗಳು ಬಂದವು. ಈ ಊರಿನಲ್ಲಿ ನಮ್ಮವರು ಮಾಡುವುದು ಒಂದೇ: ತೆಲುಗು, ಹಿಂದಿ, ಇಂಗ್ಲಿಷ್ ಒತ್ತಿ ಮುಂದೆ ಹೋಗುವುದು. ಕನ್ನಡ ಅಡುಗೆಮನೆಯ ಭಾಷೆ, ಹೊರಗೆ ಹೊರಡುವಾಗ ಮನೆಯಲ್ಲಿ ಬಿಟ್ಟು ಹೋಗುವಂಥದ್ದು. ನಾನೂ ಹಾಗೇ ಬದುಕಿದವಳು. ಆವತ್ತು ಮಾತ್ರ ತಲೆ ಕೆಟ್ಟಿತ್ತಲ್ಲ, ಎಲ್ಲಕ್ಕಿಂತ ಮೊದಲು ಕನ್ನಡವನ್ನೇ ಒತ್ತಿದೆ.

ಮೊದಮೊದಲು ಬಂದ ಕರೆಗಳೆಲ್ಲ ಗಿಡ ನೆಡುವುದಕ್ಕೆ. ಒಂದು ಸಲ ಹೋದೆ. ಕಂಪನಿಯವರು ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಬಸ್ಸಿನಲ್ಲಿ ಬಂದರು, ನೆಟ್ಟರು, ಫೋಟೋ ತೆಗೆಸಿಕೊಂಡರು, ಬಿರಿಯಾನಿ ತಿಂದು ಹೋದರು. ನಾಳೆ ಇವಕ್ಕೆ ನೀರು ಹಾಕುವವರು ಯಾರು ಅಂತ ನಾನು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ನನ್ನ ಮೊಣಕಾಲು ಮುನಿಸಿಕೊಂಡಿತು, ನಾನೂ ಮುನಿಸಿಕೊಂಡೆ.

ಹೀಗಿರುವಾಗ ಒಂದು ಬೆಳಿಗ್ಗೆ ಫೋನು. ತೆಲುಗಿನ ಹುಡುಗಿಯೊಬ್ಬಳು, ಸಣ್ಣ ಸಂಸ್ಥೆಯೊಂದರ ಕೆಲಸ ನೋಡಿಕೊಳ್ಳುವವಳು. "ಅಮ್ಮಾ, ಮೀಕು ನಿಜಂಗಾ ಕನ್ನಡ ವಚ್ಚಾ?" ನಿಜವಾಗಿಯೂ ಕನ್ನಡ ಬರುತ್ತದೆಯೇ ಅಂತ ಕೇಳಿದಳು. ಬರುವುದೇನು, ಬಿಟ್ಟು ಹೋಗಲಾರದಷ್ಟು ಬರುತ್ತದೆ ಅಂದೆ. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಪಾದ ಒಳಕ್ಕೆ ತಿರುಗಿಕೊಂಡು ಹುಟ್ಟಿದ ಕೂಸುಗಳಿಗಾಗಿ ಅವರ ಸಂಸ್ಥೆ. ಲಿಂಗಂಪಲ್ಲಿ ಕಡೆಯ ಕ್ಲಿನಿಕ್ ಒಂದರಲ್ಲಿ ಪ್ರತಿ ಬುಧವಾರ ಹಳೆಯ ಪ್ಲಾಸ್ಟರ್ ಬಿಚ್ಚಿ, ಡಾಕ್ಟರು ಪಾದವನ್ನು ಕೈಯಿಂದಲೇ ಇಷ್ಟೇ ಇಷ್ಟು ತಿರುಗಿಸಿ, ಮತ್ತೆ ಪ್ಲಾಸ್ಟರ್ ಹಾಕುತ್ತಾರೆ. ಹೀಗೆ ವಾರ ವಾರ ಮಾಡುತ್ತ ಹೋದರೆ ಪಾದ ನೆಟ್ಟಗಾಗುತ್ತದೆ. ನಡುವೆ ಬಿಟ್ಟರೆ ಮತ್ತೆ ಒಳಕ್ಕೆ ತಿರುಗುತ್ತದೆ. ಬರುವ ತಾಯಂದಿರಲ್ಲಿ ಬಹಳ ಜನ ಯಾದಗಿರಿ, ಕಲಬುರ್ಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ತೆಲುಗಿನಲ್ಲಿ ಹೇಳಿದರೂ ಹಾಂ, ಹಿಂದಿಯಲ್ಲಿ ಹೇಳಿದರೂ ಹಾಂ ಅನ್ನುತ್ತಾರೆ, ಆಮೇಲೆ ಬರುವುದಿಲ್ಲ. ಕನ್ನಡ ಮಾತಾಡುವವರು ಬೇಕಾಗಿದ್ದಾರೆ ಅಂತ ಇವಳು ತಿಂಗಳುಗಟ್ಟಲೆ ಆನ್‌ಲೈನ್‌ನಲ್ಲಿ ಹಾಕಿ ಕೂತಿದ್ದಳಂತೆ. ಆ್ಯಪ್ ಮಾಡಿಕೊಡುತ್ತೇವೆ ಅಂದವರು ಬೆಂಗಳೂರಿನಿಂದ ಸಿಕ್ಕರು, ಸರ್ಟಿಫಿಕೇಟ್ ಕೊಡುತ್ತೀರಾ ಅಂದವರು ಸಿಕ್ಕರು. ಹೈದರಾಬಾದು, ಕನ್ನಡ ಎರಡನ್ನೂ ಸೇರಿಸಿ ಹುಡುಕಿದರೆ ಬಂದದ್ದು ನನ್ನ ಮುಖ ಒಂದೇ. ಕೇಳಿ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ನಮ್ಮ ಗಲ್ಲಿಯೊಂದರಲ್ಲೇ ಎಷ್ಟು ಕನ್ನಡದ ಮನೆಗಳಿವೆ!

ನನ್ನ ಕೆಲಸ ಇಷ್ಟೇ: ಬುಧವಾರಕ್ಕೆ ಮುಂಚೆ ತಾಯಂದಿರಿಗೆ ಫೋನ್ ಮಾಡಿ ನೆನಪಿಸುವುದು. ಇದೇನು ಮಹಾ ಅಂತ ಕೂತೆ. "ನಮಸ್ಕಾರ, ತಾವು ಮಗುವಿನ ತಾಯಿಯವರೇ?" ಅಂತ ಆಪರೇಟರ್ ದನಿಯಲ್ಲಿ ಶುರು ಮಾಡಿದರೆ ಒಬ್ಬಳು ಕಟ್ ಮಾಡಿದಳು. ಇನ್ನೊಬ್ಬಳು "ಲೋನ್ ಬ್ಯಾಡ್ರಿ ನಮಗ" ಅಂದಳು. ಒಬ್ಬ ಗಂಡಸು, "ಸಿಮ್ ಬಂದ್ ಮಾಡ್ತೀರೇನ್ರಿ? ಮಾಡ್ರಿ, ಮಾಡ್ರಿ" ಅಂತ ಸವಾಲೇ ಹಾಕಿದ. ಜನರಲ್ ಮ್ಯಾನೇಜರ್ ಕೂಡ ನನ್ನ ಲೈನ್ ಕಟ್ ಮಾಡಿದವರಲ್ಲ! ಯಜಮಾನರು ಪೇಪರಿನ ಹಿಂದೆ ಅಲುಗುತ್ತಿದ್ದರು, ನಗುತ್ತಿದ್ದರು ಅಂತ ಬೇರೆ ಹೇಳಬೇಕಾಗಿಲ್ಲ. ಮರುದಿನ ಸಂಜೆ, ಒಲೆ ಹೊತ್ತಿಸುವ ಹೊತ್ತು ನೋಡಿಕೊಂಡು, ನಮ್ಮವ್ವನ ದನಿಯಲ್ಲಿ ಕೇಳಿದೆ: "ಯವ್ವಾ, ಏನು ಮಾಡಾಕತ್ತೀ? ರೊಟ್ಟಿ ಆದುವೇನು? ಯಾವೂರವ್ವ ನಿಂದು?" ಅಲ್ಲಿಂದ ಮುಂದೆ ಫೋನ್ ಇಡಿಸುವುದೇ ಕಷ್ಟವಾಯಿತು.

ಆ ತಾಯಂದಿರಲ್ಲಿ ನನ್ನನ್ನು ಬಹಳ ಹಚ್ಚಿಕೊಂಡವಳು ಯಾದಗಿರಿ ಕಡೆಯವಳು, ಇನ್ನೂ ಹುಡುಗಿಯಂಥವಳು. ಎರಡು ತಿಂಗಳ ಗಂಡು ಕೂಸು, ಬಲಗಾಲಿಗೆ ಪ್ಲಾಸ್ಟರ್. ಒಂದು ವಾರವೂ ತಪ್ಪಿಸಿದವಳಲ್ಲ. ಎಳ್ಳಮಾಸಿ ಹತ್ತಿರ ಬಂದ ವಾರ ಮಾತ್ರ ಅವಳ ದನಿ ಇಳಿದಿತ್ತು. "ನಮ್ಮತ್ತಿ ಬಂದಾಳ್ರಿ ಊರಿಂದ, ಕರಕೊಂಡು ಹೋಗಾಕ. ಪ್ಲಾಸ್ಟರ್ ಒಡದು ಕೂಸಿಗೆ ಎಣ್ಣಿ ಹಚ್ಚಿ ಎರಿಯೂಣು, ಹೊಲಕ್ಕ ಹೊತ್ಕೊಂಡು ಹೋಗೂಣು ಅಂತಾಳ್ರಿ. ಕಾಲಿಂದು ಹಬ್ಬ ಮುಗದ ಮ್ಯಾಲ ನೋಡೂಣು ಅಂತಾಳ್ರಿ."

ಎಳ್ಳ ಅಮಾವಾಸ್ಯೆಗೆ ಎಲ್ಲೇ ಇದ್ದರೂ ಊರಿಗೆ ಹೋಗಿ, ಹಬ್ಬದಡುಗೆಯ ಚರಗ ಹೊಲಕ್ಕೆಲ್ಲ ಚೆಲ್ಲಿ, ಭೂಮಿಗೆ ಉಣಿಸಿ, ತಾವು ಉಣ್ಣಬೇಕು. ಹೋಗಬೇಡ ಅಂದರೆ ಅವಳು ಕೇಳುವವಳಲ್ಲ, ನಾನು ಅನ್ನುವವಳೂ ಅಲ್ಲ. ಆದರೆ ಹಬ್ಬ ಮುಗಿದ ಮೇಲೆ ತೊಗರಿ ರಾಶಿ ಇರುತ್ತದೆ, ಆಮೇಲೆ ಜೋಳ. ಅಷ್ಟರಲ್ಲಿ ಪಾದ ಮತ್ತೆ ಒಳಕ್ಕೆ ಹೋಗಿರುತ್ತದೆ.

ಅತ್ತೆ ಫೋನ್ ಕಿತ್ತುಕೊಂಡಳು. "ಯಾರವ್ವ ನೀ, ನಮ್ಮ ಕೂಸಿನ ಕಾಲು ಕಟ್ಟಿಸಾಕಿ?"

"ಕಟ್ಟಿಸಾಕಿ ಅಲ್ಲ, ನೆಟ್ಟಗ ಮಾಡಸಾಕಿ" ಅಂದೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ.

"ವಾರಗಟ್ಟಲೆ ನೀರು ಕಂಡಿಲ್ಲ ಅದು. ಒದ್ದಿ ಬಟ್ಟಿಲೆ ಒರಸ್ತಾರಂತ! ಮೈ ನಾರಾಕತ್ತೈತಿ. ನಿನ್ನ ಮೊಮ್ಮಕ್ಕಳನ್ನ ಹಿಂಗ ಇಡ್ತೀಯೇನು?"

ನಮ್ಮವ್ವ ಬದುಕಿದ್ದರೆ ಇದನ್ನೇ ಅನ್ನುತ್ತಿದ್ದಳು. ಎರೆಯದ ಕೂಸನ್ನು ಅವಳು ಎತ್ತಿಕೊಳ್ಳುತ್ತಲೂ ಇರಲಿಲ್ಲ. ಮುದುಕಿಗೆ ಪ್ಲಾಸ್ಟರಿನ ಮೇಲೆ ಹಗೆಯಿರಲಿಲ್ಲ, ಅವಳಿಗೆ ಕೂಸನ್ನು ಎರೆಯಬೇಕಾಗಿತ್ತು.

ಸಂಸ್ಥೆಯ ಹುಡುಗಿಗೆ ಫೋನ್ ಮಾಡಿದರೆ, ತಿಳುವಳಿಕೆಯ ವಿಡಿಯೋ ಒಂದಿದೆ, ಕಳಿಸಲೇ ಅಂದಳು. ಆ ಮುದುಕಿಗೆ ವಿಡಿಯೋ ಕಳಿಸಿದರೆ ಫೋನೇ ಒಲೆಗೆ ಹೋಗುತ್ತದೆ ತಾಯಿ ಅಂದೆ. ಹಳೆಯದು ಬಿಚ್ಚಿ ಹೊಸದು ಹಾಕುವ ನಡುವೆ ಹೊತ್ತು ಇರುತ್ತದಲ್ಲ, ಆಗ ಅಲ್ಲೇ ಎರೆಯಲಿ, ಪ್ಲಾಸ್ಟರ್ ಹಾಕಿಸಿಕೊಂಡು ಅಲ್ಲಿಂದಲೇ ರೈಲು ಹತ್ತಲಿ, ಅಮಾವಾಸ್ಯೆ ಇರುವುದು ಶುಕ್ರವಾರ ತಾನೇ ಅಂತ ನಾನೇ ದಾರಿ ಹೇಳಿದೆ. ಅವಳು ಡಾಕ್ಟರನ್ನು ಕೇಳಿದಳು. ಪ್ಲಾಸ್ಟರಿನ ಕಾಲಿಗೆ ಎಣ್ಣೆ ಸೋಕಬಾರದು, ಉಳಿದದ್ದು ನಿಮ್ಮಿಷ್ಟ ಅಂದರಂತೆ. ಮುದುಕಿಗೆ ಹೇಳಿದೆ. ಕೇಳಿ, ಫೋನನ್ನು ಸೊಸೆಯ ಕೈಗೆ ಕೊಟ್ಟುಬಿಟ್ಟಳು.

ಬುಧವಾರ ಮೆಟ್ರೋ, ಬಸ್ಸು ಹಿಡಿದು ನಾನೇ ಹೋದೆ. ಹಿಂದೆಂದೂ ಮುಖ ನೋಡಿದವಳಲ್ಲ, ಕೂಸಿಗೆ ಏನೋ ಹೇಳುತ್ತಿದ್ದ ದನಿಯಿಂದಲೇ ಯಾದಗಿರಿಯ ಹುಡುಗಿಯನ್ನು ಗುರುತು ಹಿಡಿದೆ. ಪಕ್ಕದಲ್ಲಿ ಅತ್ತೆ, ಮಡಿಲಲ್ಲಿ ಎಣ್ಣೆ ಬಾಟಲಿ, ಕಡಲೆಹಿಟ್ಟಿನ ಪೊಟ್ಟಣ. ನನ್ನ ಕಡೆ ತಿರುಗಲಿಲ್ಲ.

ನರ್ಸ್ ಪ್ಲಾಸ್ಟರ್ ಬಿಚ್ಚಿದಾಗಲೂ ಮುದುಕಿ ಗೋಡೆ ನೋಡುತ್ತಿದ್ದಳು. ಕೂಸು ಊರಿನಲ್ಲಿ ಹುಟ್ಟಿದಾಗ ಆ ಪಾದವನ್ನು ಒಮ್ಮೆ ಮುಟ್ಟಿ, ಗ್ರಹಣದ ಕಾಲು ಅಂತ ಸೆರಗು ಬಾಯಿಗಿಟ್ಟುಕೊಂಡವಳು ಮತ್ತೆ ಅದರತ್ತ ನೋಡಿಲ್ಲ ಅಂತ ಸೊಸೆ ನನಗೆ ಫೋನಿನಲ್ಲಿ ಹೇಳಿದ್ದಳು. ಕ್ಯಾಂಟೀನಿನಿಂದ ಬಿಸಿನೀರು ಬಂತು. ಹಿಂದಿನ ಬಚ್ಚಲಲ್ಲಿ ಮುದುಕಿ ಸೀರೆ ಮೇಲೆತ್ತಿ ಕಾಲು ಚಾಚಿ ಕೂತಳು, ಕೂಸನ್ನು ಕಾಲ ಮೇಲೆ ಹಾಕಿಕೊಂಡಳು. ನೆತ್ತಿಗೆ ಎಣ್ಣೆ, ಬೆನ್ನಿಗೆ ಎಣ್ಣೆ, ಎಡಗಾಲಿಗೆ ಎಣ್ಣೆ. ಕೂಸು ಅತ್ತು ಅತ್ತು, ಬಿಸಿನೀರು ಬಿದ್ದೊಡನೆ ಸುಮ್ಮನಾಯಿತು. ಬಲಗಾಲನ್ನು ಅವಳು ಮುಖ ಆಚೆ ತಿರುಗಿಸಿ ಬರೀ ನೀರಿನಲ್ಲಿ ತೊಳೆದಳು.

ಎರೆದಾದ ಮೇಲೆ ನಮ್ಮ ಕಡೆ ಮುದುಕಿಯರು ಕೂಸಿನ ಕೈಗಳನ್ನು ಎದೆಯ ಮೇಲೆ ಅಡ್ಡಡ್ಡ ಮಡಿಸಿ, ಕಾಲು ಎಳೆದು, ಎರಡೂ ಅಂಗಾಲು ಕೂಡಿಸುತ್ತಾರೆ. ಅವಳ ಕೈ ರೂಢಿಯಂತೆ ಅದನ್ನೇ ಮಾಡಿತು. ಮಾಡಿ ನಿಂತುಬಿಟ್ಟಿತು. ಆಗ ಬಗ್ಗಿ ನೋಡಿದಳು. ಬಿಡಿಸಿದಳು, ಮತ್ತೆ ಕೂಡಿಸಿದಳು. ಬಲಪಾದ ಇನ್ನೂ ಒಂದಿಷ್ಟು ಒಳಕ್ಕಿತ್ತು, ಆದರೂ ಅಂಗಾಲಿಗೆ ಅಂಗಾಲು ಹತ್ತಿತ್ತು.

"ಕೂಡತಾವಲ್ಲ" ಅಂದಳು, ಯಾರಿಗೂ ಅಲ್ಲ. ಮೂರನೆಯ ಸಲವೂ ಕೂಡಿಸಿ ನೋಡಿದಳು. ಕೂಸಿಗೆಂದು ಹಿಡಿದು ನಿಂತಿದ್ದ ಟವೆಲ್ಲಿನಿಂದ ನಾನು ನನ್ನ ಕಣ್ಣು ಒರೆಸಿಕೊಂಡೆ. ಸಂತೋಷಕ್ಕೆ ಅಳು ಬರುವುದು ಸುಳ್ಳಲ್ಲ.

ಕೂಸನ್ನು ಸುತ್ತಿ ಸೊಸೆಯ ಕೈಗೆ ಕೊಟ್ಟು, ಮೊದಲ ಸಲ ನನ್ನ ಮುಖ ನೋಡಿದಳು.

"ಫೋನ್ ಮಾಡಾಕಿ ನೀನೇ ಏನು?"

"ಹೌದ್ರಿ."

"ಚರಗ ಚೆಲ್ಲಿ ಬಂದುಬಿಡ್ತೀವಿ. ಬರೂ ಬುಧವಾರನೂ ನೀರು ಕಾಸಿ ಇಡಸು."