ಅಕ್ಕನ ಎಂಜಿನ್ನಿಗೆ ಹಾಕಿದ ಹೊಸ ಪ್ಲಗ್ಗು

ಕುಳಗೇರಿ ಕ್ರಾಸಿನಲ್ಲಿ ನಮ್ಮಕ್ಕನ ಖಾರ ಕುಟ್ಟುವ ಮಷಿನ್ ಇತ್ತು. ಗಂಡ ತೀರಿಕೊಂಡ ಮೇಲೆ ಅವಳೇ ಅದನ್ನು ನಡೆಸುತ್ತಿದ್ದಳು. ಕರೆಂಟನ್ನು ನಂಬುವ ಹಾಗಿರಲಿಲ್ಲ. ಮಷಿನ್ ತಿರುಗಿಸಲು ಸಣ್ಣದೊಂದು ಎಂಜಿನ್ನಿತ್ತು, ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದ್ದು. ಸೀಮೆಎಣ್ಣೆಯ ಮಸಿ ಪ್ಲಗ್ಗಿಗೆ ಹಿಡಿದು ಕಿಡಿ ಹಾರದಂತಾಗುತ್ತಿತ್ತು. ಅಕ್ಕ ಅದನ್ನು ಬಿಚ್ಚಿ, ಚಾಕುವಿನಿಂದ ಕೆರೆದು, ಮತ್ತೆ ಹಾಕಿ ಹಗ್ಗ ಜಗ್ಗುತ್ತಿದ್ದಳು.

ನಾನು ಬಾಗಲಕೋಟೆಯ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿನ ಲೆಕ್ಚರರೊಬ್ಬರು ಡಾಕ್ಟರೇಟಿಗಾಗಿ ಹೊಸ ಬಗೆಯ ಪ್ಲಗ್ಗಿನ ಬೆನ್ನು ಹತ್ತಿದ್ದರು. ವಿದೇಶಿ ಪತ್ರಿಕೆಯ ಚಿತ್ರ ತೋರಿಸಿ ನನಗೆ ತಿಳಿಸಿ ಹೇಳಿದರು. ಪ್ಲಗ್ಗಿನ ತುದಿಯಲ್ಲಿ ಜೋಳದ ಕಾಳಿನಷ್ಟು ಪೊಳ್ಳು, ಅದರ ಬಾಯಿಗೊಂದು ಸಣ್ಣ ತೂತು. ಮೊದಲು ಸಾದಾ ಕಿಡಿ ಹಾರುತ್ತದೆ. ಅದರ ಬೆನ್ನಿಗೇ, ಪಕ್ಕದ ಡಬ್ಬಿಯಲ್ಲಿ ಕೂಡಿಟ್ಟ ವಿದ್ಯುತ್ತೆಲ್ಲ ಒಮ್ಮೆಲೇ ಆ ಪೊಳ್ಳಿಗೆ ನುಗ್ಗುತ್ತದೆ. ಒಳಗಿನ ಗಾಳಿ ವಿಪರೀತ ಕಾದು, ಪ್ಲಾಸ್ಮಾ ಆಗಿ, ತೂತಿನಿಂದ ಉರಿಯಾಗಿ ಚಿಮ್ಮುತ್ತದೆ. ತಣ್ಣಗಿನ ಸೀಮೆಎಣ್ಣೆಯೂ ಹತ್ತಿಕೊಳ್ಳಲೇಬೇಕು.

ತೂತು ಕೊರೆದವನು ನಾನು. ಹತ್ತಾರು ಪ್ಲಗ್ಗು ಕೆಡಿಸಿದ ಮೇಲೆ ಒಂದು ಸರಿಹೋಯಿತು. ಹಳ್ಳಿಯಲ್ಲಿ ದಿನಾ ದುಡಿಯುವ ಎಂಜಿನ್ನಿನ ಮೇಲೆ ಪರೀಕ್ಷೆ ಆಗಬೇಕೆಂದು ಅವರು ಅಂದಾಗ ಅಕ್ಕನ ಎಂಜಿನ್ನು ತೋರಿಸಿದವನೂ ನಾನೇ.

ಅಕ್ಕ ಬೇಡವೆಂದಳು. ಒಣಮೆಣಸಿನಕಾಯಿ ಬರುವ ಹೊತ್ತು ಹತ್ತಿರವಿತ್ತು, ಅವಳ ವರ್ಷದ ದುಡಿಮೆಯೆಲ್ಲ ಆ ಎರಡು ತಿಂಗಳಲ್ಲೇ. ನಾನು ಪುಸಲಾಯಿಸಿ ಒಪ್ಪಿಸಿದೆ. ಲೆಕ್ಚರರು ಬಂದು ಬ್ಯಾಟರಿ, ಡಬ್ಬಿ ಜೋಡಿಸಿದರು. ಕಿಡಿ ಕೊಡುತ್ತಿದ್ದ ಹಳೆಯ ಮ್ಯಾಗ್ನೆಟೊವನ್ನು ಕಾಲೇಜಿನಲ್ಲಿ ಹೋಲಿಸಿ ನೋಡಬೇಕೆಂದು ಬಿಚ್ಚಿಕೊಂಡರು, ಎಂಟು ದಿನಕ್ಕೆ ತಂದುಕೊಡುವೆನೆಂದರು. ಹಗ್ಗ ಒಮ್ಮೆ ಜಗ್ಗಿದ್ದೇ ತಡ, ಎಂಜಿನ್ನು ಸೀಮೆಎಣ್ಣೆಯಲ್ಲೇ ಶುರುವಾಯಿತು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ವರ್ಕ್‌ಶಾಪಿನ ಎಂಜಿನ್ನಿನಲ್ಲಿ ಅಂಥದೇ ಇನ್ನೊಂದು ಪ್ಲಗ್ಗು ಹಗಲೂ ರಾತ್ರಿ ಓಡುತ್ತಿತ್ತು. ನಾಲ್ಕನೆಯ ದಿನ ಬಿಚ್ಚಿ ನೋಡಿದೆ. ಕಿಡಿ ಹಾರುವ ಒಳಗಿನ ತಂತಿಯನ್ನು ಆ ಉರಿಯೇ ತಿಂದುಹಾಕಿತ್ತು, ತೂತು ಅಗಲವಾಗಿತ್ತು. ಒಯ್ದು ತೋರಿಸಿದೆ.

"ಅದು ಖರೆ," ಅಂದರು ಲೆಕ್ಚರರು. "ಆದರ ನನಗ ಬೇಕಾದ ಅಳತಿ ಎಲ್ಲಾ ಸಿಕ್ಕಾವು. ನೀ ಸುಮ್ಮನಿರು."

ನನ್ನ ನೌಕರಿ ಕಾಯಂ ಆಗುವುದಿತ್ತು, ಅದಕ್ಕೆ ಅವರ ಶಿಫಾರಸು ಬೇಕಿತ್ತು. ಸುಮ್ಮನಿದ್ದೆ.

ಅಲ್ಲಿಯವರೆಗೆ ದಿನಕ್ಕೆ ಸ್ವಲ್ಪ ಹೊತ್ತಷ್ಟೇ ಓಡುತ್ತಿದ್ದ ಅಕ್ಕನ ಎಂಜಿನ್ನು ಮೆಣಸಿನಕಾಯಿ ಚೀಲಗಳು ಸಾಲುಗಟ್ಟಿದ ವಾರವೇ ನಿಂತಿತು. ಸುದ್ದಿ ಮುಟ್ಟಿದ ಕೂಡಲೇ ಇನ್ನೊಂದು ಪ್ಲಗ್ಗು ಒಯ್ದು ಹಾಕಿದೆ. ಅದು ಮೂರು ದಿನ ಬಂತು, ಕೊರೆದ ಪ್ಲಗ್ಗು ಬೇರೆ ಉಳಿದಿರಲಿಲ್ಲ. ಮೊದಲಿನ ಪ್ಲಗ್ಗನ್ನೇ ಹಾಕಿ ಓಡಿಸಲು ಹಳೆಯ ಮ್ಯಾಗ್ನೆಟೊವನ್ನಾದರೂ ಕೊಡಿರೆಂದು ಕೇಳಿದರೆ, ಪರೀಕ್ಷೆಯಲ್ಲಿ ಅದರ ಕಾಯಿಲ್ ಸುಟ್ಟು ತಿಂಗಳಾಯಿತೆಂದು ಲೆಕ್ಚರರು ತಲೆಯೆತ್ತದೆ ಹೇಳಿದರು. ಹೊಸದನ್ನು ಹುಬ್ಬಳ್ಳಿಯಿಂದ ತರಿಸುವಷ್ಟರಲ್ಲಿ ಜನ ಚೀಲ ಹೊತ್ತುಕೊಂಡು ಬಾದಾಮಿಗೆ ಹೋಗಿ ಕುಟ್ಟಿಸಿಕೊಂಡಿದ್ದರು.

ಅಕ್ಕ ಮಷಿನ್ನಿನ ಪಕ್ಕದಲ್ಲಿ ಕೂತಿದ್ದಳು, ಮೊಣಕೈವರೆಗೂ ಖಾರದ ಪುಡಿ.

"ಇದು ತಡಿಯೂದಿಲ್ಲಂತ ನಿನಗ ಮೊದಲ ಗೊತ್ತಿತ್ತೇನು, ತಮ್ಮಾ?"

"ಗೊತ್ತಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಎದ್ದು ಹೋಗಿ ಕೈ ತೊಳೆದುಕೊಂಡಳು.

ಲೆಕ್ಚರರು ಡಾಕ್ಟರಾದರು. ಅವರ ಪ್ರಬಂಧದಲ್ಲಿ ಕುಳಗೇರಿಯ ಪ್ರಯೋಗ ಸಫಲವೆಂದೇ ಇದೆ, ಕೊನೆಯಲ್ಲಿ ನನಗೊಂದು ಸಾಲಿನ ಕೃತಜ್ಞತೆಯೂ ಇದೆ. ನನ್ನ ನೌಕರಿ ಕಾಯಂ ಆಯಿತು. ಮುಂದಿನ ವರ್ಷವೂ ಗಿರಾಕಿಗಳು ತಿರುಗಿ ಬರಲಿಲ್ಲ. ಅಕ್ಕ ಮಷಿನ್ ಮಾರಿ ಇಳಕಲ್ಲಿಗೆ ಹೋದಳು, ನೇಕಾರರೊಬ್ಬರ ಮನೆಯಲ್ಲಿ ಮಗ್ಗದ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಕೆಲಸಕ್ಕೆ ನಿಂತಳು. ಒಮ್ಮೆ ನೋಡಲು ಹೋಗಿದ್ದೆ. ಚಹಾ ಕೊಟ್ಟಳು. ನಾನು ಕೇಳದಿದ್ದರೂ, ಬಾಗಲಕೋಟೆಯ ಬಸ್ಸು ಎಷ್ಟೊತ್ತಿಗಿದೆ ಎಂದು ಪಕ್ಕದ ಮನೆಯವರನ್ನು ಕೇಳಿ ಬಂದು ನನಗೆ ಹೇಳಿದಳು.